ಹೊತ್ತಿಗೆ ಸರಿಯಾಗಿ ಲೆವೊಡೋಪಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತೊಂದು ವರ್ಷ ಗೋಣಿಕೊಪ್ಪದಲ್ಲಿ ಔಷಧಿ ಅಂಗಡಿ ನಡೆಸಿದೆ. ಈಗ ಅಂಗಡಿ ಮಗಳದು, ಪ್ರಶ್ನೆಗಳು ಮಾತ್ರ ಇನ್ನೂ ನನ್ನ ಪಾಲಿಗೇ ಇವೆ. ಸಂತೆಯ ದಿನ ಕೌಂಟರಿನ ಮೇಲೆ ಮೊಣಕೈ ಊರಿ ಕೇಳಿದವು, ಮದುವೆ ಮಂಟಪದಲ್ಲಿ ಪಕ್ಕಕ್ಕೆ ಕರೆದು ಪಿಸುಗುಟ್ಟಿದವು, ಸೋಮವಾರಪೇಟೆ ಕಡೆಯಿಂದ ಪತ್ರದಲ್ಲಿ ಬಂದವು, ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಬಂದವು ಎಲ್ಲವೂ ಇಲ್ಲಿ ಸೇರಿವೆ. ಲೆವೊಡೋಪಾ ಪಾರ್ಕಿನ್ಸನ್ ರೋಗಕ್ಕೆ ಕೊಡುವ ಮಾತ್ರೆ, ನನ್ನ ಮಾವನವರು ಹನ್ನೊಂದು ವರ್ಷದಿಂದ ಇದನ್ನೇ ನುಂಗುತ್ತಿದ್ದಾರೆ. ಹಾಗಾಗಿ ಅರ್ಧ ಉತ್ತರಗಳನ್ನು ಅಂಗಡಿಯಲ್ಲಿ ಕಲಿತೆ, ಉಳಿದರ್ಧವನ್ನು ಅವರ ಮನೆಯ ಅಡುಗೆಕೋಣೆಯಲ್ಲಿ. ಪ್ರಮಾಣ ಏರಿಸುವುದು, ಇಳಿಸುವುದು ನರರೋಗ ತಜ್ಞರ ಕೆಲಸ. ಮಾತ್ರೆ ಒಳಗೆ ಹೋದ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದಷ್ಟೇ ನನ್ನ ವಿಷಯ.

## ಮೊದಲ ಚೀಟಿ ಕೈಗೆ ಬಂದಾಗ

ಲೆವೊಡೋಪಾ ಅಂದರೆ ಏನು? ಟಾನಿಕ್ಕೇ, ನಿದ್ದೆ ಮಾತ್ರೆಯೇ?

ಎರಡೂ ಅಲ್ಲ. ಅದೊಂದು ಅಮೈನೋ ಆಮ್ಲ. ನಾವು ತಿನ್ನುವ ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನು ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲಿ ಟೈರೊಸಿನ್ ಒಂದು. ಟೈರೊಸಿನ್‌ಗೆ ಆಮ್ಲಜನಕ–ಜಲಜನಕದ ಒಂದು ಸಣ್ಣ ಗುಂಪನ್ನು ದೇಹವೇ ಅಂಟಿಸಿದರೆ ಡೋಪಾ ಆಗುತ್ತದೆ. ಡೋಪಾದಿಂದ ಒಂದು ತುಣುಕು ಕಳಚಿದರೆ ಡೋಪಮಿನ್, ಅಂದರೆ ಮೈಯ ಚಲನೆಗೆ ಮೆದುಳು ಬಳಸುವ ರಾಸಾಯನಿಕ. ಪಾರ್ಕಿನ್ಸನ್‌ನಲ್ಲಿ ಕೊರತೆ ಬೀಳುವುದು ಇದಕ್ಕೇ. ಮೆದುಳು ದಿನವೂ ಮಾಡಿಕೊಳ್ಳುವ ಅಡುಗೆ ಇದು.

ಕಾರ್ಖಾನೆಯ ಡೋಪಾಕ್ಕೆ ನೂರು ವರ್ಷ ದಾಟಿದೆ. ವಿಟಮಿನ್ ಎಂಬ ಪದಕ್ಕೆ ಕಾರಣನಾದ ಕಾಸಿಮಿರ್ ಫಂಕ್ 1911ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ. ಆಗ ಸಿಕ್ಕಿದ್ದು ಎಡಗೈ, ಬಲಗೈ ಎರಡೂ ಬಗೆಯ ಅಣುಗಳ ಬೆರಕೆ. ಎಡಗೈಯ ಗವಸು ಬಲಗೈಗೆ ಹೊಂದುವುದಿಲ್ಲವಲ್ಲ, ಹಾಗೆಯೇ ಮೆದುಳಿಗೆ ಬೇಕಾದದ್ದು ಎಡಗೈ ಬಗೆ ಮಾತ್ರ. ಹೆಸರಿನ ಮೊದಲಿನ ‘ಲೆವೊ’ ಹೇಳುವುದು ಅದನ್ನೇ. ಬೇಕಾದ ಬಗೆಯನ್ನೇ ಕಾರ್ಖಾನೆಯಲ್ಲಿ ಮಾಡುವ ದಾರಿ ತೋರಿಸಿದ್ದಕ್ಕೆ ಅಮೆರಿಕದ ವಿಲಿಯಂ ನೋಲ್ಸ್‌ಗೆ 2001ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಬಂತು. ಇಷ್ಟೆಲ್ಲ ಇತಿಹಾಸವಿರುವ ವಸ್ತು ಇಂದು ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಸಿಗುತ್ತದೆ.

ಕೈ ನಡುಗಿದರೆಲ್ಲ ಪಾರ್ಕಿನ್ಸನ್ನೇ? ನಮ್ಮ ಅಜ್ಜನಿಗೂ ಇದನ್ನೇ ಕೊಡಬಹುದೇ?

ಕೊಡಬೇಡಿ. ಮೊದಲು ನಡುಕ ಯಾವಾಗ ಬರುತ್ತದೆ ಎಂದು ನೋಡಿ. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ ಕೈ ನಡುಗಿ, ತೊಡೆಯ ಮೇಲೆ ಇಟ್ಟಾಗ ಸುಮ್ಮನಾದರೆ ಅದು ಹೆಚ್ಚಾಗಿ ಬೇರೆ ಬಗೆಯದು. ಮನೆತನದಲ್ಲೇ ಹರಿದು ಬರುವುದೂ ಉಂಟು. ಪಾರ್ಕಿನ್ಸನ್ ನಡುಕ ಕೈ ಸುಮ್ಮನಿರುವಾಗ ಕಾಣುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳುಮೆಣಸು ಉರುಳಿಸಿದ ಹಾಗೆ, ಮೊದಲು ಒಂದೇ ಕಡೆಯ ಕೈಯಲ್ಲಿ. ಆದರೆ ರೋಗದ ಮುಖ್ಯ ಗುರುತು ನಡುಕವಲ್ಲ, ಚಲನೆ ನಿಧಾನವಾಗುವುದು.

ಮಾವನವರಿಗೆ ನಡುಕ ಇರಲೇ ಇಲ್ಲ. ಹತ್ತಿಪ್ಪತ್ತು ವರ್ಷಗಳ ತೋಟದ ಹಾಜರಿ ಪುಸ್ತಕಗಳನ್ನು ಅವರು ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಒಮ್ಮೆ ಯಾವುದೋ ಹಳೆ ಲೆಕ್ಕ ಹುಡುಕುತ್ತಾ ಅವನ್ನು ಸಾಲಾಗಿ ತೆರೆದೆವು. 2009ರ ಪುಸ್ತಕದಲ್ಲಿ ಆಳುಗಳ ಹೆಸರು ಗೆರೆ ತುಂಬ ನಿಂತಿತ್ತು. 2012ರದರಲ್ಲಿ ಅರ್ಧ ಗೆರೆ. 2014ರದರಲ್ಲಿ ಸಾಲಿನ ಆರಂಭದ ಅಕ್ಷರ ಕಂಡರೆ ಕೊನೆಯದು ಇರುವೆಯ ಕಾಲಿನಷ್ಟು. ರೋಗ ಐದು ವರ್ಷ ನಮ್ಮ ಕಣ್ಣೆದುರೇ ಸಹಿ ಹಾಕುತ್ತಿತ್ತು, ನಾವು ಓದಿರಲಿಲ್ಲ.

ಇನ್ನೊಂದು ಮಾತು. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಅರೆತಲೆನೋವಿಗೆ ಕೊಡುವ ಫ್ಲುನಾರಿಜಿನ್ ತಿಂಗಳುಗಟ್ಟಲೆ ನಡೆದರೆ ವಯಸ್ಸಾದವರಲ್ಲಿ ಪಾರ್ಕಿನ್ಸನ್‌ನ ತದ್ರೂಪವೇ ಮೂಡಬಹುದು. ಎಂದೋ ಹದಿನೈದು ದಿನಕ್ಕೆ ಬರೆದ ಚೀಟಿಯನ್ನು ಎರಡು ವರ್ಷ ಹಿಡಿದುಕೊಂಡು ಬರುವವರನ್ನು ನಾನು ಕಂಡಿದ್ದೇನೆ. ವೈದ್ಯರ ಬಳಿ ಹೋಗುವಾಗ ಮನೆಯ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಸುರಿದುಕೊಂಡು ಹೋಗಿ.

ಕೊರತೆ ಇರುವುದು ಡೋಪಮಿನ್‌ಗೆ ಅಂದಮೇಲೆ ಡೋಪಮಿನ್ ಮಾತ್ರೆಯನ್ನೇ ಏಕೆ ಕೊಡುವುದಿಲ್ಲ?

ಕೊಟ್ಟರೆ ಮೆದುಳಿಗೆ ಹೋಗುವುದಿಲ್ಲ. ಮೆದುಳಿನ ರಕ್ತನಾಳಗಳ ಗೋಡೆ ಮಾಕುಟ್ಟದ ಚೆಕ್‌ಪೋಸ್ಟ್ ಇದ್ದಂತೆ. ರಕ್ತದಲ್ಲಿ ಹರಿಯುವುದೆಲ್ಲ ಒಳಗೆ ನುಗ್ಗಲು ಬಿಡುವುದಿಲ್ಲ. ಡೋಪಮಿನ್‌ಗೆ ಅಲ್ಲಿ ಪ್ರವೇಶವಿಲ್ಲ. ಅಮೈನೋ ಆಮ್ಲಗಳು ಮೆದುಳಿಗೂ ಬೇಕು, ಆದ್ದರಿಂದ ಅವನ್ನು ಕೈಹಿಡಿದು ದಾಟಿಸುವ ವಾಹಕಗಳು ಗೋಡೆಯಲ್ಲೇ ಇವೆ. ಲೆವೊಡೋಪಾ ಅಮೈನೋ ಆಮ್ಲವಾದ್ದರಿಂದ ಆ ವಾಹಕ ಹಿಡಿದು ದಾಟುತ್ತದೆ, ದಾಟಿದ ಮೇಲೆ ಡೋಪಮಿನ್ ಆಗುತ್ತದೆ.

ನಡುಮೆದುಳಿನಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿ ಇದೆ. ಡೋಪಮಿನ್ ತಯಾರಿಸುವ ಕೋಶಗಳು ಅಲ್ಲಿರುತ್ತವೆ. ರೋಗ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಸತ್ತಿರುತ್ತದೆ. ಲೆವೊಡೋಪಾ ಸತ್ತ ಕೋಶಗಳನ್ನು ಎಬ್ಬಿಸುವುದಿಲ್ಲ. ಉಳಿದವುಗಳ ಕೈಗೆ ಕಚ್ಚಾ ಸಾಮಗ್ರಿ ಕೊಡುತ್ತದೆ, ಅಷ್ಟೇ. ಈ ‘ಅಷ್ಟೇ’ಯಿಂದ ಮನುಷ್ಯ ತಾನೇ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ. ಮಾವನವರು ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗುತ್ತಾರೆ. ಆರೂಕಾಲಿಗೆ ಗುಂಡಿ ಬೆರಳಿನಿಂದ ಜಾರುತ್ತಿರುತ್ತದೆ. ಆರೂ ಮುಕ್ಕಾಲಿಗೆ ಅದೇ ಬೆರಳು ಕತ್ತಿನ ಗುಂಡಿಯನ್ನೂ ಹಾಕಿ ಮುಗಿಸಿರುತ್ತದೆ.

ಚೀಟಿಯಲ್ಲಿ 125 ಎಂದಿದೆ, ಅಂಗಡಿಯವರು 110 ಕೊಟ್ಟರು. ಹದಿನೈದರ ವ್ಯತ್ಯಾಸ ಏನು ಮಹಾ?

ಮಹಾ ಹೌದು. ಎರಡರಲ್ಲೂ ಲೆವೊಡೋಪಾ 100 ಮಿಲಿಗ್ರಾಂ. ಬೇರೆಯಾಗುವುದು ಅದರ ಜೊತೆಗಾರ ಕಾರ್ಬಿಡೋಪಾ: 110ರಲ್ಲಿ 10 ಮಿಲಿಗ್ರಾಂ, 125ರಲ್ಲಿ 25.

ಲೆವೊಡೋಪಾ ಒಂದೇ ಹೊರಟರೆ ಕರುಳು, ರಕ್ತ, ಯಕೃತ್ತು ದಾಟುವಷ್ಟರಲ್ಲಿ ಬಹುಪಾಲು ಅಲ್ಲಲ್ಲೇ ಡೋಪಮಿನ್ ಆಗಿ ಹೋಗುತ್ತದೆ. ಮೆದುಳು ಮುಟ್ಟುವುದು ನೂರಕ್ಕೆ ಒಂದು ಪಾಲಿನ ಆಸುಪಾಸು. ಹೊರಗೇ ಆದ ಡೋಪಮಿನ್ ವಾಂತಿ ಬರಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಕಾರ್ಬಿಡೋಪಾ ಆ ಬದಲಾವಣೆಯನ್ನು ದಾರಿಯಲ್ಲಿ ತಡೆಯುತ್ತದೆ. ತಾನು ಮಾತ್ರ ಚೆಕ್‌ಪೋಸ್ಟ್ ದಾಟುವುದಿಲ್ಲ, ಹಾಗಾಗಿ ಮೆದುಳಿನೊಳಗಿನ ಕೆಲಸಕ್ಕೆ ಅಡ್ಡಿಯಿಲ್ಲ. ಈ ಕಾವಲು ಸರಿಯಾಗಿರಬೇಕಾದರೆ ದಿನಕ್ಕೆ 70ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಬೇಕು. ಮೂರು 125 ನುಂಗಿದರೆ 75 ಆಯಿತು. ಮೂರು 110 ನುಂಗಿದರೆ 30. ವಾಂತಿ ಬಂತೆಂದು ಮಾತ್ರೆಯನ್ನೇ ಬಯ್ದು ಬಿಟ್ಟವರಲ್ಲಿ ಕೆಲವರ ಕಥೆ ಈ ಲೆಕ್ಕದಲ್ಲೇ ಇತ್ತು. ಅಂಗಡಿಯವನಾಗಿದ್ದವನೇ ಹೇಳುತ್ತೇನೆ: ‘ಅದೇ ಇದು’ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಕಾರ್ಬಿಡೋಪಾ ಬದಲು ಬೆನ್ಸೆರಾಜೈಡ್ ಇರುವ ಮಾತ್ರೆಯೂ ಇದೆ, ಕೆಲಸ ಅದೇ ಬಗೆಯದು. ಅದಕ್ಕೆ ಬದಲಾಯಿಸುವುದೂ ವೈದ್ಯರ ಬರಹದ ಮೇಲೆಯೇ.

ನುಂಗಿದ ಕೂಡಲೇ ಹೊಟ್ಟೆ ತೊಳೆಸುತ್ತದೆ. ವಾಂತಿ ಮಾತ್ರೆ ಕೊಡಲೇ?

ಯಾವುದು ಎಂಬುದರ ಮೇಲೆ ನಿಂತಿದೆ. ಎಲ್ಲ ಮನೆಯ ಡ್ರಾಯರಿನಲ್ಲೂ ಇರುವ ಮೆಟೊಕ್ಲೊಪ್ರಮೈಡ್ ಮೆದುಳಿನೊಳಗೆ ಹೊಕ್ಕು ಡೋಪಮಿನ್‌ನ ಜಾಗಕ್ಕೇ ಬೀಗ ಹಾಕುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದಂತೆ. ಪ್ರೊಕ್ಲೋರ್‌ಪೆರಜಿನ್ ಕೂಡ ಹಾಗೆಯೇ. ಡೊಂಪೆರಿಡೋನ್ ಹೆಚ್ಚಾಗಿ ಹೊರಗೇ ಉಳಿಯುತ್ತದೆ, ಆದರೆ ಹೃದಯದ ತೊಂದರೆ ಇರುವವರು ಕೇಳಿಯೇ ತೆಗೆದುಕೊಳ್ಳಬೇಕು. ಮೊದಲ ವಾರಗಳಲ್ಲಿ ಎರಡು ರಸ್ಕ್ ಅಥವಾ ಅರ್ಧ ಬಾಳೆಹಣ್ಣಿನ ಜೊತೆ ನುಂಗಿದರೆ ಎಷ್ಟೋ ಮಂದಿಗೆ ಸಾಕಾಗುತ್ತದೆ.

ಮೂತ್ರ, ಬೆವರು ಕಂದು ಬಣ್ಣಕ್ಕೆ ತಿರುಗಿದೆ. ಕಿಡ್ನಿ ಹೋಯಿತೇ?

ಇಲ್ಲ. ಔಷಧಿಯ ಬಣ್ಣ ಅದು. ಬಿಳಿ ಬನಿಯನ್ ಹಾಳಾಗುವುದೊಂದೇ ನಷ್ಟ.

## ಊಟ, ಕಾಫಿ, ನಾಟಿ ಮದ್ದು

ಪಂದಿಕರಿ ಬಿಡಬೇಕೇ?

ಇಡೀ ಕೊಡಗಿನಲ್ಲಿ ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಕೇಳುವವರ ಮುಖ ನೋಡಿದರೆ ರೋಗಕ್ಕಿಂತ ಈ ಉತ್ತರಕ್ಕೇ ಹೆದರಿದಂತಿರುತ್ತಾರೆ.

ಬಿಡಬೇಡಿ. ಹೊತ್ತು ಬದಲಿಸಿ.

ಲೆವೊಡೋಪಾ ಅಮೈನೋ ಆಮ್ಲ, ಮಾಂಸ ಜೀರ್ಣವಾದಾಗ ಬರುವುದೂ ಅಮೈನೋ ಆಮ್ಲ. ಸಣ್ಣ ಕರುಳಿನಿಂದ ರಕ್ತಕ್ಕೆ ಹೋಗಲು ಇಬ್ಬರಿಗೂ ಒಂದೇ ಬಾಗಿಲು. ರಕ್ತದಿಂದ ಮೆದುಳಿಗೆ ಹೋಗುವ ಬಾಗಿಲೂ ಒಂದೇ. 100 ಮಿಲಿಗ್ರಾಂ ಮಾತ್ರೆ ಹೋಗಿ ನಿಲ್ಲುವ ಸಾಲಿನಲ್ಲಿ ಮುಂದೆ ನಲವತ್ತು ಗ್ರಾಂ ಪ್ರೋಟೀನು ನೂಕುನುಗ್ಗಲು ಮಾಡುತ್ತಿದ್ದರೆ ಏನಾಗಬೇಕು? ಮಾತ್ರೆ ಕೆಡುವುದಿಲ್ಲ, ಸರದಿ ಸಿಗದೆ ಉಳಿಯುತ್ತದೆ. ಜೊತೆಗೆ ಪಂದಿಕರಿಯ ಕೊಬ್ಬು ಹೊಟ್ಟೆಯನ್ನು ತಡವಾಗಿ ಖಾಲಿ ಮಾಡುತ್ತದೆ. ಮಾತ್ರೆ ಹೀರಿಕೆಯಾಗುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ; ಹೊಟ್ಟೆಯಲ್ಲೇ ಕುಳಿತಿದ್ದರೆ ಅದಕ್ಕೆ ಕೆಲಸವಿಲ್ಲ.

ನಮಗೆ ಇದನ್ನು ಕಲಿಸಿದ್ದು ಒಂದು ಮದುವೆ. ಮಾವನವರು ಕುಪ್ಯ ತೊಟ್ಟು, ಚೇಲೆ ಬಿಗಿದು, ಬೆಳಿಗ್ಗೆ ಎಲ್ಲರಿಗಿಂತ ನೆಟ್ಟಗೆ ನಡೆದು ಬಂದರು. ಒಂದು ಗಂಟೆಗೆ ಕಡಂಬುಟ್ಟು, ಪಂದಿಕರಿ ಎರಡು ಸಲ ಹಾಕಿಸಿಕೊಂಡು ಉಂಡರು, ಉಂಡ ಮೇಲೆ ಮಾತ್ರೆ ನುಂಗಿದರು. ಮೂರು ಗಂಟೆಗೆ ಹೊರಡೋಣ ಎಂದರೆ ಮಂಟಪದ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿತು. ಹಿಂದಿನಿಂದ ಜನ ಬರುತ್ತಿದ್ದಾರೆ, ಮುಂದಿನಿಂದ ಕರೆಯುತ್ತಿದ್ದಾರೆ, ಅವರು ಹೊಸ್ತಿಲು ನೋಡುತ್ತಾ ನಿಂತಿದ್ದಾರೆ. ಯಾರೋ ‘ಹೆಚ್ಚಾಯಿತೇನೋ’ ಎಂದು ನಕ್ಕರು. ಅಂದು ಅವರು ಒಂದು ಹನಿ ಮುಟ್ಟಿರಲಿಲ್ಲ. ಕೊನೆಗೆ ನನ್ನ ಹೆಂಡತಿ ಅವರ ಕೋಲನ್ನು ಕಾಲಿನ ಮುಂದೆ ಅಡ್ಡ ಮಲಗಿಸಿ ‘ಅಪ್ಪ, ಇದನ್ನು ದಾಟಿ’ ಎಂದಳು, ದಾಟಿದರು. ಅಡ್ಡಗೆರೆ ಕಂಡರೆ ಅಂಟಿದ ಕಾಲು ಏಳುವುದು ಈ ರೋಗದ ಒಂದು ವಿಚಿತ್ರ.

ಈಗಿನ ಕ್ರಮ ಹೀಗಿದೆ. ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದೆರಡು ಗಂಟೆಯ ಮೇಲೆ, ಒಂದು ಲೋಟ ನೀರಿನ ಜೊತೆ. ಹಗಲಿಗೆ ಅಕ್ಕಿರೊಟ್ಟಿ, ನೂಪುಟ್ಟು, ಸೊಪ್ಪು, ಬೈಂಬಳೆ ಕರಿ. ಪಂದಿ, ಕೋಳಿ, ಮೊಟ್ಟೆ, ಬೇಳೆ ರಾತ್ರಿಯ ಊಟಕ್ಕೆ. ಆಮೇಲೆ ಹೇಗೂ ಮಲಗುವುದು. ಪ್ರೋಟೀನನ್ನು ಪೂರ್ತಿ ನಿಲ್ಲಿಸಿದರೆ ಮೈ ಸೊರಗುತ್ತದೆ, ಸೊರಗಿದವರು ಬೀಳುತ್ತಾರೆ. ರೋಗದ ಮೊದಲ ವರ್ಷಗಳಲ್ಲಿ ಹಲವರಿಗೆ ಈ ಜಗಳ ಗೊತ್ತೇ ಆಗುವುದಿಲ್ಲ. ಗೊತ್ತಾಗದವರು ಸುಮ್ಮನೆ ಪಥ್ಯ ಮಾಡಬೇಕಾಗಿಲ್ಲ.

ಕಾಫಿ ಕುಡಿಯಬಹುದೇ? ಕುಡಿದರೆ ರೋಗವೇ ಬರುವುದಿಲ್ಲವಂತೆ?

ಕುಡಿಯಬಹುದು. ನಮ್ಮ ಬೆಲ್ಲದ ಕಪ್ಪು ಕಾಫಿಯಲ್ಲಿ ಹಾಲಿಲ್ಲ, ಹಾಲಿನ ಪ್ರೋಟೀನೂ ಇಲ್ಲ. ಬೆಳಗಿನ ಮಾತ್ರೆಗೆ ಅದರಷ್ಟು ಅನುಕೂಲದ ಜೊತೆ ಬೇರೆ ಸಿಗದು. ದೊಡ್ಡ ಲೋಟದ ಹಾಲು ಕಾಫಿಯಾದರೆ ಅರ್ಧ ಗಂಟೆ ತಡೆಯಿರಿ.

ರೋಗ ಬರುವುದಿಲ್ಲ ಎಂಬುದಕ್ಕೆ ಹೊನೊಲುಲುವಿನ ಅಧ್ಯಯನವೊಂದು ಬೇರು. ಎಂಟು ಸಾವಿರ ಜಪಾನಿ ಮೂಲದ ಗಂಡಸರನ್ನು ಮೂವತ್ತು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ್ದು. ಕಾಫಿ ಮುಟ್ಟದವರಲ್ಲಿ ರೋಗದ ಪ್ರಮಾಣ, ತುಂಬ ಕುಡಿಯುವವರಿಗಿಂತ ಸುಮಾರು ಐದು ಪಟ್ಟು ಇತ್ತು. ಆದರೆ ರೋಗ ಬಂದವರಿಗೆ ಕೆಫೀನನ್ನೇ ಮಾತ್ರೆಯಾಗಿ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಡಿಗೆ, ಚಲನೆ ಸುಧಾರಿಸಲಿಲ್ಲ. ಇನ್ನು ನಮ್ಮ ಮಾವನವರು ಹುಟ್ಟಿದ್ದೇ ಕಾಫಿ ಕಣದ ಪಕ್ಕ, ದಿನಕ್ಕೆ ಆರು ಲೋಟ ಕುಡಿದವರು.

ಕಬ್ಬಿಣದ ಮಾತ್ರೆ, ಬಿ–ಕಾಂಪ್ಲೆಕ್ಸ್ ಜೊತೆಯಲ್ಲೇ ನುಂಗಬಹುದೇ?

ಕಬ್ಬಿಣ ಲೆವೊಡೋಪಾವನ್ನು ಹೊಟ್ಟೆಯಲ್ಲೇ ಕಟ್ಟಿ ಹಾಕುತ್ತದೆ, ಎರಡು ಗಂಟೆಯಾದರೂ ಅಂತರ ಇರಲಿ. ಬಿ6 ವಿಟಮಿನ್‌ನ ಭಯ ಕಾರ್ಬಿಡೋಪಾ ಇಲ್ಲದ ಕಾಲದ್ದು.

ತೋಟದಲ್ಲಿ ನಸುಗುನ್ನಿ ಬೇಕಾದಷ್ಟಿದೆ. ಅದರ ಬೀಜದಲ್ಲೂ ಇದೇ ಔಷಧಿ ಇದೆಯಂತೆ, ನಿಜವೇ?

ನಿಜ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವೈದ್ಯರನ್ನೂ, ಇದೊಂದೇ ಸಾಕು ಎಂದು ಮಾತ್ರೆ ಬಿಡಿಸುವ ಪಂಡಿತರನ್ನೂ ಕಂಡಿದ್ದೇನೆ. ಇಬ್ಬರ ಮೇಲೂ ನನಗೆ ತಕರಾರಿದೆ.

ಕಾಫಿ ಕುಯ್ಯುವ ಕಾಲದಲ್ಲಿ ಬೇಲಿಯಂಚಿನ ಬಳ್ಳಿಯಲ್ಲಿ ಕಂದು ಮಖಮಲ್ಲಿನಂತಹ ಕಾಯಿ ತೂಗುತ್ತಿರುತ್ತದೆ. ಅದರ ರೋಮ ಮೈಗೆ ತಾಗಿದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಹತ್ತನೆಯ ವಯಸ್ಸಿನಲ್ಲಿ ನನ್ನ ಕುತ್ತಿಗೆಗೆ ಉದುರಿದಾಗ ಅಜ್ಜಿ ಸೆಗಣಿ ಮೆತ್ತಿ ಕೂರಿಸಿದ್ದರು. ಆ ತುರಿಕೆ ರೋಮದಲ್ಲಿರುವ ಒಂದು ಕಿಣ್ವದ್ದು. ಔಷಧಿ ಇರುವುದು ಒಳಗಿನ ಬೀಜದಲ್ಲಿ. ಒಣ ಬೀಜದ ತೂಕದಲ್ಲಿ ನೂರಕ್ಕೆ ಸುಮಾರು 3ರಿಂದ 6 ಪಾಲು ಲೆವೊಡೋಪಾ. ಆಯುರ್ವೇದ ಇದನ್ನು ಕಪಿಕಚ್ಛು ಎನ್ನುತ್ತದೆ, ಕಂಪವಾತಕ್ಕೆ ಬಳಸುತ್ತದೆ.

ಆಧುನಿಕ ಪರೀಕ್ಷೆಗಳೂ ಆಗಿವೆ. 2004ರಲ್ಲಿ ಲಂಡನ್ನಿನ ವೈದ್ಯರು ಎಂಟು ರೋಗಿಗಳಿಗೆ 30 ಗ್ರಾಂ ಬೀಜದ ಪುಡಿ ಕೊಟ್ಟು ನೋಡಿದರು: ಮಾತ್ರೆಗಿಂತ ಬೇಗ ಹಿಡಿಯಿತು, ಹೆಚ್ಚು ಹೊತ್ತು ನಿಂತಿತು. ಬೊಲಿವಿಯಾದಲ್ಲಿ 18 ರೋಗಿಗಳಿಗೆ ಹುರಿದ ಬೀಜದ ಪುಡಿಯನ್ನು ಒಂದೊಂದು ಸಲ ಕೊಟ್ಟ ಅಧ್ಯಯನ 2017ರಲ್ಲಿ ಬಂತು, ಫಲ ಚೆನ್ನಾಗಿತ್ತು. ಅದೇ ತಂಡ ದಿನವೂ ಕೊಡಲು ಹೊರಟಾಗ ಮಾತ್ರ ಹೊಟ್ಟೆಯ ತೊಂದರೆಯಿಂದಲೋ ಚಲನೆ ಹದಗೆಟ್ಟೋ ಹಲವರು ನಡುವೆಯೇ ಬಿಟ್ಟರು.

ನನ್ನ ತಕರಾರು ಲೆಕ್ಕದ್ದು. ಒಂದು ಚಮಚ, ಅಂದರೆ 5 ಗ್ರಾಂ ಪುಡಿ ಎಂದುಕೊಳ್ಳಿ. ಒಂದು ಬಳ್ಳಿಯ ಬೀಜದಲ್ಲಿ ಅದು 150 ಮಿಲಿಗ್ರಾಂ ಆದರೆ ಮತ್ತೊಂದರಲ್ಲಿ 300. ಜೊತೆಗೆ ಕಾರ್ಬಿಡೋಪಾ ಇಲ್ಲ. ಅದರ ಮೇಲೆ ಚೀಟಿಯ ಮಾತ್ರೆಯೂ ನಡೆಯುತ್ತಿದ್ದರೆ ಎಷ್ಟು ಒಳಗೆ ಹೋಯಿತು ಎಂದು ಹೇಳುವವರು ಯಾರೂ ಇಲ್ಲ. ತೆಗೆದುಕೊಳ್ಳುತ್ತಿರುವವರು ವೈದ್ಯರಿಂದ ಮುಚ್ಚಿಡಬೇಡಿ. ‘ಅದು ಬರೀ ಗಿಡಮೂಲಿಕೆ’ ಎಂದು ಬಿಟ್ಟುಬಿಡುತ್ತೀರಿ. ಅದು ಗಿಡದಲ್ಲಿರುವ ಅದೇ ಔಷಧಿ.

ಅವರೆಕಾಳಿನಲ್ಲೂ ಇದೆ ಎಂದು ಓದಿದೆ. ದಿನಾ ಸಾರು ಮಾಡಲೇ?

ನೀವು ಓದಿದ್ದು ಬೇರೆ ಕಾಳಿನ ವಿಷಯ. ಪರದೇಶದವರು ದೊಡ್ಡ ಬೀನ್ಸ್ ಎನ್ನುವ ಬಾಕಳೆಯಿಂದ 1913ರಲ್ಲಿ ಮಾರ್ಕಸ್ ಗುಗ್ಗನ್‌ಹೈಮ್ ಸ್ವಿಟ್ಜರ್‌ಲೆಂಡ್‌ನಲ್ಲಿ ಎಡಗೈ ಡೋಪಾವನ್ನು ಬೇರ್ಪಡಿಸಿದ. ಎರಡೂವರೆ ಗ್ರಾಂ ತಾನೇ ನುಂಗಿ ನೋಡಿದ, ಚೆನ್ನಾಗಿ ವಾಂತಿಯಾಯಿತು. ನಮ್ಮ ಅವರೆ ಅದಲ್ಲ. ಸಾರು ರುಚಿಗೆ ಮಾಡಿ.

## ವರ್ಷಗಳು ಕಳೆದ ಮೇಲೆ

ಐದು ವರ್ಷಕ್ಕೆ ಮಾತ್ರೆಯ ಶಕ್ತಿ ಮುಗಿಯುತ್ತದಂತೆ. ಆದಷ್ಟು ತಡವಾಗಿ ಶುರು ಮಾಡಿದರೆ ಒಳ್ಳೆಯದಲ್ಲವೇ?

ಈ ಮಾತು ಹಿಂದೆ ವೈದ್ಯರ ಬಾಯಲ್ಲೇ ಇತ್ತು. ಅದನ್ನು ನಂಬಿ ಎರಡು ವರ್ಷ ಹಾಸಿಗೆ ಹಿಡಿದವರನ್ನು ನೋಡಿ ನನಗೆ ಸಿಟ್ಟು ಬಂದಿದೆ. ಮಾತ್ರೆಯ ಶಕ್ತಿ ಮುಗಿಯುವುದಿಲ್ಲ. ರೋಗ ಮುಂದೆ ನಡೆಯುತ್ತದೆ. ಡೋಪಮಿನ್ ಕೂಡಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುವ ಕೋಶಗಳು ಕಡಿಮೆಯಾದಂತೆ, ಮೆದುಳು ಆಯಾ ಮಾತ್ರೆಯ ಏರಿಳಿತಕ್ಕೇ ಕಟ್ಟುಬೀಳುತ್ತದೆ. ಮೊದಲು ಮನೆಯಲ್ಲಿ ದೊಡ್ಡ ಟ್ಯಾಂಕ್ ಇತ್ತು, ನೀರು ದಿನಕ್ಕೊಮ್ಮೆ ಬಂದರೂ ನಡೆಯಿತು. ಈಗ ಬಿಂದಿಗೆ ಮಾತ್ರ.

ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿದ 2014ರ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಘಾನಾದಲ್ಲಿ ಜನರಿಗೆ ಔಷಧಿ ಸಿಕ್ಕಿದ್ದೇ ತಡವಾಗಿ. ಆದರೂ ಏರಿಳಿತದ ತೊಂದರೆ ಕಾಣಿಸಿಕೊಂಡದ್ದು ರೋಗ ಶುರುವಾಗಿ ಎಷ್ಟು ವರ್ಷವಾಯಿತು ಎಂಬುದರ ಮೇಲೆ, ಮಾತ್ರೆ ಶುರುವಾಗಿ ಎಷ್ಟಾಯಿತು ಎಂಬುದರ ಮೇಲಲ್ಲ. ನೆದರ್‌ಲೆಂಡ್ಸ್‌ನಲ್ಲಿ 445 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ, ಉಳಿದವರಿಗೆ 40 ವಾರ ತಡವಾಗಿ ಲೆವೊಡೋಪಾ ಕೊಟ್ಟರು. 80 ವಾರಗಳ ಕೊನೆಗೆ ಎರಡೂ ಗುಂಪು ಒಂದೇ ಮಟ್ಟದಲ್ಲಿತ್ತು. ಬೇಗ ಶುರು ಮಾಡಿದ್ದರಿಂದ ರೋಗ ನಿಲ್ಲಲೂ ಇಲ್ಲ, ಕೆಡಲೂ ಇಲ್ಲ. ಹಾಗಿದ್ದ ಮೇಲೆ ಕೆಲಸ ಕೆಡುವ ಹೊತ್ತಿಗೆ ಶುರು ಮಾಡದೆ ಕಾಯುವುದು ಯಾರ ಲಾಭಕ್ಕೆ?

ಮುಂದಿನ ಮಾತ್ರೆಗೆ ಒಂದು ಗಂಟೆ ಇರುವಾಗಲೇ ಅಪ್ಪ ಕುಸಿಯುತ್ತಾರೆ. ಇನ್ನೊಂದು ಹೊತ್ತಿನಲ್ಲಿ ಮೈಯೆಲ್ಲ ಹಾವಿನಂತೆ ಆಡುತ್ತದೆ. ಯಾವುದು ರೋಗ, ಯಾವುದು ಮಾತ್ರೆ?

ಕುಸಿಯುವುದು ಮಾತ್ರೆ ಇಳಿದಾಗ, ಮೈ ಆಡುವುದು ಹೆಚ್ಚಾಗಿ ಮಾತ್ರೆ ತುದಿಗೇರಿದಾಗ. ಕಾರ್ಬಿಡೋಪಾ ಜೊತೆಗಿದ್ದರೂ ರಕ್ತದಲ್ಲಿ ಲೆವೊಡೋಪಾ ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಟ್ಯಾಂಕ್ ಹೋದ ಮನೆಗೆ ಈ ಏರಿಳಿತ ನೇರವಾಗಿ ತಟ್ಟುತ್ತದೆ.

ಒಂದು ಹುತ್ತರಿಯ ಸಂಜೆ ಕೋಲಾಟ ನೋಡುತ್ತಾ ಕುಳಿತಿದ್ದ ಮಾವನವರ ಹೆಗಲು, ಕತ್ತು, ಎಡಗಾಲು ತಮ್ಮಷ್ಟಕ್ಕೆ ಆಡತೊಡಗಿದವು. ಮೊಮ್ಮಗಳು ‘ಅಜ್ಜನೂ ಕುಣಿಯುತ್ತಿದ್ದಾರೆ’ ಎಂದು ಕೈತಟ್ಟಿದಳು. ನಮಗೆ ಎದೆ ಧಸಕ್ಕೆಂದಿತು. ಅವರಿಗೆ ಮಾತ್ರ ಬೇಜಾರಿಲ್ಲ. ‘ಕಲ್ಲಾಗಿ ಕೂರುವುದಕ್ಕಿಂತ ಇದೇ ವಾಸಿ’ ಎಂದರು. ಹೆಚ್ಚಿನ ರೋಗಿಗಳ ಮಾತೂ ಅದೇ, ಗಾಬರಿ ನೋಡುವವರಿಗೆ.

ವೈದ್ಯರ ಬಳಿ ದಾರಿಗಳಿವೆ: ಪ್ರಮಾಣ ಒಡೆದು ಹೆಚ್ಚು ಸಲ ಕೊಡುವುದು, ಎಂಟಕಪೋನ್ ಸೇರಿಸಿ ಮಾತ್ರೆಯ ಆಯುಸ್ಸು ಹಿಗ್ಗಿಸುವುದು, ಮೈಯಾಟಕ್ಕೆ ಅಮಂಟಡಿನ್, ಆಯ್ದ ಕೆಲವರಿಗೆ ಮೆದುಳಿನಲ್ಲಿ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆ. ಇವುಗಳಲ್ಲಿ ಯಾವುದು ಎಂದು ನಿರ್ಧರಿಸಲು ಅವರಿಗೆ ಬೇಕಾದದ್ದು ಒಂದು ಹಾಳೆ. ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೊರಡುವ ಮುಂಚಿನ ಮೂರು ದಿನ ಗಂಟೆ ಗಂಟೆಗೆ ಬರೆಯಿರಿ: ಮಾತ್ರೆ ಎಷ್ಟಕ್ಕೆ, ಊಟ ಎಷ್ಟಕ್ಕೆ, ಯಾವಾಗ ನಡೆದರು, ಯಾವಾಗ ಅಂಟಿದರು, ಯಾವಾಗ ಮೈಯಾಡಿತು. ಅಲ್ಲಿ ಸಿಗುವ ಹತ್ತು ನಿಮಿಷದಲ್ಲಿ ರೋಗಿ ಚೆನ್ನಾಗಿ ನಡೆದು ತೋರಿಸಿಬಿಡುವುದು ಈ ರೋಗದ ಹಳೆಯ ಚಾಳಿ. ಮೊಬೈಲಿನ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ದೊಡ್ಡಪ್ಪ ಸಂಜೆ ಹೊತ್ತು ತೀರಿಕೊಂಡ ತಮ್ಮನನ್ನು ಅಂಗಳದಲ್ಲಿ ಕಾಣುತ್ತಾರೆ. ಕಾರಣಕ್ಕೆ, ಅಂದರೆ ತೀರಿಕೊಂಡ ಹಿರಿಯರಿಗೆ, ಕೊಟ್ಟದ್ದು ಕಡಿಮೆಯಾಯಿತೇ?

ಹಿರಿಯರಿಗೆ ಸಲ್ಲಿಸಬೇಕಾದದ್ದನ್ನು ಸಲ್ಲಿಸಿ, ಅದರ ಬಗ್ಗೆ ನನ್ನ ಮಾತಿಲ್ಲ. ಜೊತೆಗೆ ವೈದ್ಯರಿಗೂ ಹೇಳಿ. ಇಲ್ಲದವರು, ಪ್ರಾಣಿಗಳು, ಮಕ್ಕಳು ಕಾಣಿಸುವುದು ಪಾರ್ಕಿನ್ಸನ್ ಮುಂದುವರಿದಾಗ ಆಗುತ್ತದೆ, ಡೋಪಮಿನ್ ಹೆಚ್ಚಿಸುವ ಔಷಧಿಗಳು ಅದನ್ನು ಕೆರಳಿಸುತ್ತವೆ. ಇದ್ದಕ್ಕಿದ್ದಂತೆ ಶುರುವಾದರೆ ಮೊದಲು ಮೂತ್ರದ ಸೋಂಕು, ಜ್ವರ, ನೀರಿನ ಕೊರತೆ ನೋಡಬೇಕು.

ತಪ್ಪಾಗುವುದು ಇಲ್ಲೇ. ಹುಚ್ಚೆಂದು ಹೆದರಿ ಹ್ಯಾಲೊಪೆರಿಡಾಲ್ ಕೊಡಿಸಿದರೆ ಕಾಣುವುದು ನಿಲ್ಲುತ್ತದೆ, ನಡೆಯುವುದೂ ನಿಲ್ಲುತ್ತದೆ. ಈ ರೋಗಿಗಳಿಗೆ ಕ್ವೆಟಿಯಾಪಿನ್, ಕ್ಲೋಜಪಿನ್‌ನಂತಹವನ್ನು ತಜ್ಞರು ಆರಿಸುತ್ತಾರೆ. ಪಾರ್ಕಿನ್ಸನ್ ಇದೆ ಎಂಬುದನ್ನು ಪ್ರತಿ ಆಸ್ಪತ್ರೆಯಲ್ಲೂ, ಪ್ರತಿ ಸಲವೂ ಬಾಯಿಬಿಟ್ಟು ಹೇಳಿ.

ಔಷಧಿ ಶುರುವಾದ ಮೇಲೆ ಅಣ್ಣನಿಗೆ ಇಸ್ಪೀಟಿನ ಹುಚ್ಚು ಹಿಡಿದಿದೆ. ಸಂಬಂಧ ಇದೆಯೇ?

ಇರಬಹುದು. ಜೂಜು, ಅತಿಯಾದ ಖರೀದಿ, ತಿನ್ನುವ ಚಪಲ, ಕಾಮದ ಆತುರ ಇವೆಲ್ಲ ಅಡ್ಡಪರಿಣಾಮಗಳ ಪಟ್ಟಿಯಲ್ಲಿವೆ. ಲೆವೊಡೋಪಾಕ್ಕಿಂತ, ಇದೇ ರೋಗಕ್ಕೆ ಕೊಡುವ ಬೇರೆ ಮಾತ್ರೆಗಳಾದ ಪ್ರಮಿಪೆಕ್ಸೋಲ್, ರೋಪಿನಿರೋಲ್ ಇದಕ್ಕೆ ಹೆಚ್ಚು ಕಾರಣ. ಅಣ್ಣನನ್ನು ಬಯ್ಯುವ ಮೊದಲು ಚೀಟಿ ನೋಡಿ.

## ಇನ್ನೂ ಆಳಕ್ಕೆ

ಇದು ಮೆದುಳಿಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದದ್ದು ಹೇಗೆ?

ನಮ್ಮದೇ ಬೆಟ್ಟಗಳ ಇನ್ನೊಂದು ಗಿಡದಿಂದ. ಸರ್ಪಗಂಧದ ಬೇರನ್ನು ರಕ್ತದೊತ್ತಡಕ್ಕೆ ಬಳಸಿದ ಅನುಭವವನ್ನು ಮುಂಬೈನ ರುಸ್ತಂ ಜಾಲ್ ವಕೀಲ್ 1949ರಲ್ಲಿ ಪ್ರಕಟಿಸಿದರು. ಬಳಿಕ ಅದರಿಂದ ರೆಸರ್ಪಿನ್ ಬೇರ್ಪಟ್ಟು ಜಗತ್ತೆಲ್ಲ ಹಬ್ಬಿತು. ನುಂಗಿದ ಕೆಲವರು ಪಾರ್ಕಿನ್ಸನ್ ರೋಗಿಗಳಂತೆ ಬಿಗಿದುಕೊಂಡರು. ಏಕೆ? ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಕಿವಿ ಜೋತು, ಅಲ್ಲಾಡದೆ ಬಿದ್ದವು. ಡೋಪಾ ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಕಿವಿ ನೆಟ್ಟಗಾಗಿ ಓಡಾಡಿದವು. ಇದು 1957. ಅಲ್ಲಿಯವರೆಗೆ ಡೋಪಮಿನ್‌ಗೆ ಸ್ವಂತ ಕೆಲಸವಿದೆ ಎಂದು ಹೆಚ್ಚಿನವರು ಒಪ್ಪಿರಲಿಲ್ಲ. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು.

1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ಸತ್ತವರ ಮೆದುಳಿನಲ್ಲಿ ಡೋಪಮಿನ್ ಬತ್ತಿರುವುದನ್ನು ತೋರಿಸಿದರು. ಮರುವರ್ಷ ಅವರ ಒತ್ತಾಯಕ್ಕೆ ವಾಲ್ಟರ್ ಬಿರ್ಕ್‌ಮಾಯರ್ ರೋಗಿಗಳಿಗೆ ಲೆವೊಡೋಪಾ ಚುಚ್ಚಿದರು. ಮಲಗಿದ್ದವರು ಎದ್ದರು, ಕೆಲವೇ ಗಂಟೆ ಮಾತ್ರ. ಬಾಯಿಂದ ನಿಧಾನವಾಗಿ ಪ್ರಮಾಣ ಏರಿಸಿದರೆ ಪರಿಣಾಮ ನಿಲ್ಲುತ್ತದೆ ಎಂದು 1967ರಲ್ಲಿ ಜಾರ್ಜ್ ಕೊಟ್ಜಿಯಾಸ್ ತೋರಿಸಿದ ಮೇಲೆಯೇ ಅದು ನಿಜವಾದ ಚಿಕಿತ್ಸೆಯಾಯಿತು. ಆಗ ಕೊಡುತ್ತಿದ್ದದ್ದು ಗ್ರಾಂಗಳ ಲೆಕ್ಕದಲ್ಲಿ. ಗುಗ್ಗನ್‌ಹೈಮ್‌ನ ವಾಂತಿ ಎಲ್ಲರ ಪಾಲಿಗೂ ಇತ್ತು. ಕಾರ್ಬಿಡೋಪಾ ಬಂದ ಮೇಲೆ ಗ್ರಾಂ ಮಿಲಿಗ್ರಾಂ ಆಯಿತು.

ಆರೋಗ್ಯವಂತರು ತೆಗೆದುಕೊಂಡರೆ ಬುದ್ಧಿ ಚುರುಕಾಗುತ್ತದೆಯೇ? ಮಗನಿಗೆ ಪರೀಕ್ಷೆ ಇದೆ.

ತಾಯಿಯೊಬ್ಬರು ನಿಜವಾಗಿಯೂ ಕೇಳಿದರು. ಮಗ ನಸುಗುನ್ನಿಯ ಕ್ಯಾಪ್ಸೂಲ್ ತರಿಸಿಕೊಂಡಿದ್ದ. ಕೊರತೆ ಇಲ್ಲದ ಕಡೆ ಸುರಿದರೆ ತುಂಬುವುದಿಲ್ಲ, ಚೆಲ್ಲುತ್ತದೆ: ವಾಕರಿಕೆ, ಎದ್ದಾಗ ಕಣ್ಣು ಕತ್ತಲೆ, ಕೆಟ್ಟ ನಿದ್ದೆ. ಹುಡುಗನಿಗೆ ಬೇಕಿದ್ದದ್ದು ರಾತ್ರಿ ಮೊಬೈಲ್ ಕಿತ್ತುಕೊಳ್ಳುವವರು.

ಮಳೆಗೆ ರಸ್ತೆ ಮುಚ್ಚಿ ಮಾತ್ರೆ ಮುಗಿದರೆ ಎರಡು ದಿನ ಬಿಟ್ಟರೆ ಪರವಾಗಿಲ್ಲವೇ?

ಪರವಾಗಿಲ್ಲ ಎನ್ನುವ ಹಾಗಿಲ್ಲ. ವರ್ಷಗಟ್ಟಲೆ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಮೈ ಮರದಂತೆ ಬಿಗಿಯುತ್ತದೆ, ನುಂಗಲು ಆಗುವುದಿಲ್ಲ. ಕೆಲವರಿಗೆ ಜ್ವರವೇರಿ, ಪ್ರಜ್ಞೆ ತಪ್ಪಿ, ಪ್ರಾಣಕ್ಕೇ ಬರುತ್ತದೆ. ಆಸ್ಪತ್ರೆಗೆ ಬೇರೆ ಕಾರಣಕ್ಕೆ ಸೇರಿಸಿದಾಗಲೂ ಈ ಮಾತ್ರೆಯನ್ನು ಹೊತ್ತಿಗೆ ಕೊಡಲೇಬೇಕೆಂದು ಪಟ್ಟು ಹಿಡಿಯಿರಿ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು, ಜೋಡುಪಾಲದ ಕಡೆ ಹೆದ್ದಾರಿಯೇ ಹೋದಾಗ ಮಾವನವರು ಮಡಿಕೇರಿಯ ಆಚೆ ನೆಂಟರ ಮನೆಯಲ್ಲಿ ಸಿಕ್ಕಿಬಿದ್ದಿದ್ದರು. ಡಬ್ಬಿಯಲ್ಲಿ ಏಳು ಮಾತ್ರೆ. ದಿನಕ್ಕೆ ನಾಲ್ಕು ಬೇಕು. ಕರೆಂಟಿಲ್ಲ, ನೆಟ್‌ವರ್ಕ್ ಬಂದು ಹೋಗುತ್ತಿತ್ತು. ಅಷ್ಟರಲ್ಲಿ ಸಿಕ್ಕ ಅರ್ಧ ನಿಮಿಷದಲ್ಲಿ ವೈದ್ಯರಿಂದ ಪಡೆದ ಸಲಹೆ ಒಂದೇ ಸಾಲಿನದು: ಹೊತ್ತು ತಪ್ಪಿಸಬೇಡಿ, ಮಾತ್ರೆ ಅರ್ಧ ಮಾಡಿ. ತರಕಾರಿ ಚಾಕುವಿನಲ್ಲಿ ಏಳನ್ನು ಹದಿನಾಲ್ಕು ಮಾಡಿದರು. ಹನ್ನೆರಡನೆಯ ಅರ್ಧ ನುಂಗಿದ ಮಧ್ಯಾಹ್ನ ಪರಿಹಾರ ಸಾಮಗ್ರಿಯ ಜೀಪಿನಲ್ಲಿ, ಬಿಸ್ಕತ್ತಿನ ಪೊಟ್ಟಣದೊಳಗೆ ಸುತ್ತಿಟ್ಟ ಮೂರು ಸ್ಟ್ರಿಪ್ ತಲುಪಿತು.

ಆಮೇಲಿನಿಂದ ಜೂನ್ ಹಿಡಿಯುವ ಮೊದಲೇ ಒಂದು ತಿಂಗಳಿನ ಮಾತ್ರೆ ಹೆಚ್ಚಿಗೆ ತರಿಸುತ್ತೇವೆ. ನಮ್ಮ ಮಳೆಗಾಲದ ತೇವಕ್ಕೆ ಬಿಡಿಸಿಟ್ಟ ಮಾತ್ರೆ ಬಣ್ಣಗೆಡುತ್ತದೆ, ಹಾಗಾಗಿ ಸ್ಟ್ರಿಪ್ಪಿನಿಂದ ಅಂದಂದಿನದನ್ನು ಅಂದಂದೇ ಒಡೆಯುವುದು. ಉಳಿದದ್ದು ಒಲೆಯ ಅಟ್ಟದ ಹತ್ತಿರ, ಏಲಕ್ಕಿ ಇಡುತ್ತಿದ್ದ ಹಳೆಯ ತಗಡಿನ ಡಬ್ಬಿಯಲ್ಲಿರುತ್ತದೆ. ಮುಚ್ಚಳದ ಮೇಲೆ ಮಾವನವರೇ ಹೆಸರು ಬರೆದಿದ್ದಾರೆ, ಬೆಳಿಗ್ಗೆ ಏಳು ಗಂಟೆಯ ಅಕ್ಷರದಲ್ಲಿ.